ಸ್ಕ್ರ್ಯಾಚ್‌ನಲ್ಲಿ ಚೌಕಾಬಾರ: ಎರಡು ವರ್ಷ ಬಳಸಿದ ಮೇಲೆ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಗೆ ಮಕ್ಕಳ ಕೋಡಿಂಗ್ ತಂತ್ರಾಂಶ ಸ್ಕ್ರ್ಯಾಚ್ ಬಂದಾಗ ಮಗಳಿಗೆ ಒಂಬತ್ತು ವರ್ಷ. ಅದಕ್ಕೆ ಮುಂಚೆ ಒಂದು ಆನ್‌ಲೈನ್ ಕೋಡಿಂಗ್ ಕ್ಲಾಸಿಗೆ ಮೂರು ತಿಂಗಳ ಫೀಸು ಕಟ್ಟಿದ್ದೆವು. ಅಲ್ಲಿ ಅರ್ಧ ತಯಾರಾದ ಆಟ ಕೊಟ್ಟು, ಈ ಬ್ಲಾಕನ್ನು ಇಲ್ಲಿಡು ಎನ್ನುತ್ತಿದ್ದರು. ಇವಳು ಇಡುತ್ತಿದ್ದಳು. ಯಾಕಮ್ಮ ಎಂದು ಕೇಳಿದರೆ ಉತ್ತರವಿರಲಿಲ್ಲ. ಬಿಡಿಸಿದೆವು.

ಸ್ಕ್ರ್ಯಾಚ್ ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ ರೂಪಿಸಿದ್ದು, 2007ರಿಂದ ಇದೆ. ಒಂದು ರೂಪಾಯಿಯೂ ಕೊಡಬೇಕಿಲ್ಲ. ಬಣ್ಣದ ಬ್ಲಾಕುಗಳನ್ನು ಒಂದಕ್ಕೊಂದು ಸಿಕ್ಕಿಸುತ್ತಾ ಹೋದರೆ ಅದೇ ಪ್ರೋಗ್ರಾಂ. ಪರದೆಯಲ್ಲಿ ಆಟ ನಡೆಯುವ ವೇದಿಕೆಯ ನಟ್ಟನಡುವೆ ಸೊನ್ನೆ; ಎಡಕ್ಕೆ -240, ಬಲಕ್ಕೆ 240. ಶಾಲೆಯಲ್ಲಿ ಋಣಸಂಖ್ಯೆ ಬರುವ ಮುಂಚೆಯೇ ಅದರಲ್ಲಿರುವ ಬೆಕ್ಕಿನ ಚಿತ್ರವನ್ನು ಎಡಕ್ಕೆ ಓಡಿಸಲು ಮಗಳಿಗೆ ಅದು ಬೇಕಾಯಿತು, ಕಲಿತಳು.

ನಿಜವಾದ ಕಲಿಕೆ ಆದದ್ದು ಕಳೆದ ಮಳೆಗಾಲದಲ್ಲಿ. ನಮ್ಮತ್ತೆ ಮಂಡ್ಯದಿಂದ ಬಂದಿದ್ದರು, ಮಗಳು ಅಜ್ಜಿಗಾಗಿ ಚೌಕಾಬಾರ ಮಾಡಲು ಕೂತಳು. ಐದೈದು ಮನೆ ಬರೆದು, ಕಾಯಿ ಜೋಡಿಸಿ, ಕವಡೆಗೆ ‘ರ‍್ಯಾಂಡಮ್’ ಬ್ಲಾಕ್ (ಯಾವುದೋ ಒಂದು ಸಂಖ್ಯೆಯನ್ನು ತಾನೇ ಆರಿಸುವಂಥದ್ದು) ಹಾಕಿದಳು. ಒಂದು, ಎರಡು, ಮೂರು, ಚೌಕ (ನಾಲ್ಕು), ಭಾರ (ಎಂಟು), ಈ ಐದಕ್ಕೂ ಸಮಪಾಲು. ಅತ್ತೆ ಹತ್ತು ನಿಮಿಷ ಆಡಿ, “ಏನೇ ಪುಟ್ಟಿ, ಇಷ್ಟೊಂದು ಭಾರ ಎಲ್ಲಾದ್ರೂ ಬೀಳುತ್ತಾ?” ಅಂದರು. ಕಂಪ್ಯೂಟರ್ ತಪ್ಪು ಮಾಡಲ್ಲ ಅಜ್ಜಿ ಎಂದು ಇವಳ ವಾದ. ಕೊನೆಗೆ ನೆಲದ ಮೇಲೆ ನಾಲ್ಕು ಕವಡೆಯನ್ನು ನೂರು ಸಲ ಎಸೆದು ಪಟ್ಟಿ ಮಾಡಿದಳು. ಎರಡೇ ಹೆಚ್ಚು ಬಿದ್ದಿತ್ತು, ಭಾರ ಅಪರೂಪ.

ಅವಳೇ ಕಂಡುಕೊಂಡ ಪರಿಹಾರ: ಐದರಲ್ಲೊಂದು ಆರಿಸುವ ಬದಲು ಪ್ರತಿ ಕವಡೆಗೂ ಬೇರೆ ಬೇರೆ ಸೊನ್ನೆಯೋ (ಬೋರಲು) ಒಂದೋ (ಅಂಗಾತ) ಆರಿಸಿ ಕೂಡಿಸುವುದು, ಮೊತ್ತ ಸೊನ್ನೆಯಾದರೆ ಭಾರ. ಹಾಗೆ ಮಾಡಿದಾಗ ಹದಿನಾರರಲ್ಲಿ ಆರು ಪಾಲು ಎರಡಕ್ಕೆ, ಚೌಕಕ್ಕೂ ಭಾರಕ್ಕೂ ಒಂದೊಂದೇ. ಸಂಭವನೀಯತೆ ಎಂಬ ಪದ ಅವಳಿಗಿನ್ನೂ ಗೊತ್ತಿಲ್ಲ. ಅಂದು ನನಗೆ ಕಣ್ಣು ತುಂಬಿ ಬಂತು.

ಕೊಳ್ಳುವ ಖರ್ಚಿಲ್ಲದಿದ್ದರೂ ನಮ್ಮ ಸಮಯ ಕೊಡಬೇಕು. ಮೊದಲ ಎರಡು ತಿಂಗಳು ಪಕ್ಕದಲ್ಲಿ ಕೂರದಿದ್ದರೆ ಮಕ್ಕಳು ಬೇರೆಯವರ ಆಟ ಆಡುತ್ತಲೇ ಉಳಿಯುತ್ತಾರೆ. ಮೊಬೈಲ್‌ನಲ್ಲಿ ಆಟ ನೋಡಬಹುದು, ಕಟ್ಟಲು ಕಂಪ್ಯೂಟರ್ ಅಥವಾ ಟ್ಯಾಬ್ಲೆಟ್ ಬೇಕು. ಹಳೆಯ ಲ್ಯಾಪ್‌ಟಾಪ್ ಸಾಕು. ಆಫ್‌ಲೈನ್ ಆವೃತ್ತಿ ಹಾಕಿಕೊಂಡರೆ ನೆಟ್ ಬೇಡ. ಆಗಾಗ ಸೇವ್ ಮಾಡುವ ಅಭ್ಯಾಸ ಮಾತ್ರ ಮೊದಲ ದಿನದಿಂದಲೇ ಮಾಡಿಸಿ. ಬರೆಯುವ ಕೋಡ್ ಇಲ್ಲಿಲ್ಲ ಎಂದು ಕೆಲವರು ಆಕ್ಷೇಪಿಸುತ್ತಾರೆ. ಈ ವಯಸ್ಸಿಗೆ ಅದು ನನಗೆ ಕೊರತೆ ಅನಿಸಿಲ್ಲ, ಪೈಥಾನ್‌ನಂಥ ಬರೆಯುವ ಕೋಡಿಂಗ್ ಭಾಷೆ ಕಾಯಬಹುದು.

ಈಗ ಅತ್ತೆಗೆ ಏಳು ಮನೆಯ ಆಟ ಬೇಕಂತೆ. ಅದನ್ನು ನಮ್ಮಲ್ಲಿ ಆರು ಕವಡೆಯಲ್ಲಿ ಆಡುತ್ತಾರೆ. ಮಗಳು ನೋಟ್‌ಬುಕ್ ಹಿಡಿದು ಮತ್ತೆ ನೆಲದ ಮೇಲೆ ಕೂತಿದ್ದಾಳೆ.