ಉಲ್ಮ್‌ನ ಮರ, ರೂಲಾದ ಮೀರ್‌ಷೌಮ್: ಜರ್ಮನಿಯ ಕೈಕೆತ್ತನೆ ಪೈಪ್‌ಗಳಲ್ಲಿ ಯಾವುದು ಮೊದಲು?

ತಂಬಾಕು ಸೇದುವ ಹಳೆಯ ಜರ್ಮನ್ ಪೈಪ್ ಕೈಗೆ ಬಂದರೆ ಎಲ್ಲರ ಕಣ್ಣೂ ಮೊದಲು ಹೋಗುವುದು ಕೆತ್ತಿದ ಬೊಂಬೆಯ ಮೇಲೆ. ಗಡ್ಡದ ಮುದುಕನೋ ಜಿಂಕೆಯ ತಲೆಯೋ ಬೇಟೆನಾಯಿಯೋ ಕಂಡರೆ ಸಾಕು, ಮನಸ್ಸು ಸೋಲುತ್ತದೆ. ಮೊದಲು ನೋಡಬೇಕಾದ್ದು ತಂಬಾಕು ತುಂಬುವ ಬಟ್ಟಲಿನ ಅಂಚಿಗೆ ಲೋಹದ ಪಟ್ಟಿ ಕೂಡುವ ಜಾಗವನ್ನು. ನೂರು ನೂರೈವತ್ತು ವರ್ಷ ಕಳೆದ ಮೇಲೂ ಅಲ್ಲಿ ಬಿರುಕಿಲ್ಲ, ಮುಚ್ಚಳ ಸದ್ದಿಲ್ಲದೆ ಕೂರುತ್ತದೆ ಎಂದರೆ ಮಾಡಿದವನಿಗೆ ಕೆಲಸ ಗೊತ್ತಿತ್ತು ಎಂದೇ ಅರ್ಥ. ಈ ಅಳತೆಯಲ್ಲಿ ಬೇರೆ ಬೇರೆ ಸೀಮೆಯ ಪೈಪ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಸಂಗ್ರಹಕ್ಕೆ ನಮ್ಮ ಮೊದಲ ಆಯ್ಕೆ ಉಲ್ಮ್ ಪಟ್ಟಣದ ಮರದ ಪೈಪ್. ಕೆತ್ತನೆಯ ಸೊಬಗೇ ಬೇಕೆನ್ನುವವರಿಗೆ ರೂಲಾ ಊರಿನ, ಮೀರ್‌ಷೌಮ್ ಎಂಬ ಖನಿಜದ ಪೈಪ್.

ಡ್ಯಾನ್ಯೂಬ್ ದಂಡೆಯ ಉಲ್ಮ್ ಪಟ್ಟಣದ ಪೈಪನ್ನು ಜರ್ಮನರು 'ಉಲ್ಮರ್ ಕ್ಲೋಬೆನ್' ಎನ್ನುತ್ತಾರೆ. 18 ಮತ್ತು 19ನೇ ಶತಮಾನದ ಮಾಲು. ಬಟ್ಟಲು ಎರಡೂ ಪಕ್ಕದಿಂದ ಒತ್ತಿದಂತೆ ಚಪ್ಪಟೆ. ಬುಡದಲ್ಲಿ ದೋಣಿಯ ತಳದಂತೆ ಒಂದು ಏಣು. ಇದಕ್ಕೆ ಬಳಸುತ್ತಿದ್ದದ್ದು ಮರದ ಗಂಟು. ಗಂಟಿನಲ್ಲಿ ಎಳೆಗಳು ಒಂದೇ ದಿಕ್ಕಿಗೆ ಓಡದೆ ಸುಳಿಸುಳಿಯಾಗಿ ಹೆಣೆದುಕೊಂಡಿರುವುದರಿಂದ ಕಾವಿಗೆ ಸುಲಭವಾಗಿ ಸೀಳುವುದಿಲ್ಲ. ಆ ಸುಳಿಗಳೇ ಇದರ ಅಲಂಕಾರ. ಬೊಂಬೆ, ಬಳ್ಳಿ ಏನೂ ಇಲ್ಲದ ನುಣುಪು ಮೈಯಲ್ಲಿ ತಪ್ಪನ್ನು ಮುಚ್ಚಿಡಲು ಜಾಗವೇ ಇರುವುದಿಲ್ಲ. ಉಲ್ಮ್‌ನ ಕೆಲಸಗಾರರ ಮೇಲೆ ನಮಗಿರುವ ಗೌರವಕ್ಕೆ ಕಾರಣ ಇದೇ.

ಪರೀಕ್ಷೆ ಹೀಗೆ ಮಾಡಿ. ಮುಚ್ಚಳ ತೆಗೆದು ಬಟ್ಟಲಿನ ಒಳಗೆ ಟಾರ್ಚ್ ಹಿಡಿಯಿರಿ. ಮರ ಸುಡದಿರಲೆಂದು ಹಲವು ಮರದ ಬಟ್ಟಲುಗಳಿಗೆ ತಗಡಿನ ಒಳಪದರ ಹಾಕುತ್ತಿದ್ದರು. ತಗಡಿನಲ್ಲಿ ತೂತಿದ್ದರೆ ಅದರ ಹಿಂದೆ ಮರ ಇದ್ದಿಲಾಗಿರುವ ಸಾಧ್ಯತೆ ಹೆಚ್ಚು. ಆಮೇಲೆ ಲೋಹದ ಪಟ್ಟಿಗೂ ಮರಕ್ಕೂ ನಡುವೆ ಬರೆಯುವ ಕಾಗದದ ಅಂಚನ್ನು ತೂರಿಸಿ ನೋಡಿ. ಒಣಗಿದ ಮರ ಕುಗ್ಗುತ್ತದೆ, ಲೋಹ ಕುಗ್ಗುವುದಿಲ್ಲ. ಕಾಗದ ತೂರುವಷ್ಟು ಸಂದು ಬಿಟ್ಟಿದ್ದರೆ ಹೆದರಬೇಕಿಲ್ಲ, ತೇವ ಹದಕ್ಕೆ ಬಂದಾಗ ಮರ ಸ್ವಲ್ಪ ಹಿಗ್ಗುತ್ತದೆ. ಆ ಸಂದಿಗೆ ಯಾರಾದರೂ ಅಂಟು ಸುರಿದಿದ್ದರೆ ಮಾತ್ರ ಬಿಟ್ಟುಬಿಡಿ. ಅಂಟು ಹಿಡಿದ ಮರಕ್ಕೆ ಮುಂದಿನ ಬೇಸಿಗೆಯಲ್ಲಿ ಕುಗ್ಗಲು ದಾರಿಯಿಲ್ಲದೆ ಪಟ್ಟಿಯ ಕೆಳಗಿನಿಂದಲೇ ಸೀಳುತ್ತದೆ.

ಪಟ್ಟಿ ಬೆಳ್ಳಿಯದೇ ಎಂಬುದನ್ನು ಮುದ್ರೆ ಹೇಳುತ್ತದೆ. 1888ಕ್ಕೆ ಮೊದಲು ಜರ್ಮನಿಯಲ್ಲಿ ಬೆಳ್ಳಿಯ ಶುದ್ಧತೆಯನ್ನು 'ಲೋಟ್' ಲೆಕ್ಕದಲ್ಲಿ ಅಳೆಯುತ್ತಿದ್ದರು, ಅಪ್ಪಟ ಬೆಳ್ಳಿ ಎಂದರೆ 16 ಲೋಟ್. 13 ಎಂದು ಒತ್ತಿದ್ದರೆ ಸಾವಿರಕ್ಕೆ 812.5 ಪಾಲು ಬೆಳ್ಳಿ, 12 ಎಂದಿದ್ದರೆ 750. 1888ರಿಂದ ಅರ್ಧಚಂದ್ರ, ಕಿರೀಟದ ಗುರುತು ಬಂತು. ಜೊತೆಗೆ ಸಾಮಾನ್ಯವಾಗಿ 800 ಎಂಬ ಅಂಕಿ ಇರುತ್ತದೆ. ಮಾರುವವರು '1800ರ ಉಲ್ಮ್' ಎಂದು ಹೇಳಿ, ಮುಚ್ಚಳದ ಒಳಗೆ ಚಂದ್ರ-ಕಿರೀಟ ಕಂಡರೆ ಮುಚ್ಚಳವಂತೂ ಆ ಕಾಲದ್ದಲ್ಲ. ಮುದ್ರೆಯೇ ಇಲ್ಲದ ಬಿಳಿ ಲೋಹ ಬಹುಪಾಲು ಜರ್ಮನ್ ಸಿಲ್ವರ್, ನಮ್ಮ ಕಡೆ ಪೂಜೆ ಸಾಮಾನಿನ ಅಂಗಡಿಯಲ್ಲಿ ಸಿಗುವ ಅದೇ ಹೆಸರಿನದು. ತಾಮ್ರ, ಸತು, ನಿಕ್ಕೆಲ್ ಸೇರಿದ ಈ ಮಿಶ್ರಲೋಹದಲ್ಲಿ ಬೆಳ್ಳಿಯ ಅಂಶವಿಲ್ಲ.

ತುರಿಂಗಿಯ ಕಾಡಿನ ನಡುವಿನ ರೂಲಾ ಊರು ಮೊದಲು ಚಾಕು ಮಾಡುವವರದ್ದಾಗಿತ್ತು. ಆ ಕಸುಬು ಇಳಿಮುಖವಾದಂತೆ ಪೈಪ್ ಹಿಡಿಯಿತು. ಪಟ್ಟಿ-ಮುಚ್ಚಳ ಮಾಡುವ ಕೆಲಸ ಅಲ್ಲಿ ಎಷ್ಟು ಬೇರೂರಿತ್ತೆಂದರೆ, ಮುಂದೆ ಗಡಿಯಾರಕ್ಕೆ ಹೆಸರಾದ ಥೀಲ್ ಸಹೋದರರ ಕಾರ್ಖಾನೆ 1862ರಲ್ಲಿ ಶುರುವಾದಾಗ ಮಾಡುತ್ತಿದ್ದದ್ದು ಪೈಪ್‌ಗಳ ಲೋಹದ ಭಾಗಗಳನ್ನೇ. ರೂಲಾದ ಹೆಮ್ಮೆ ಮೀರ್‌ಷೌಮ್. ಹೆಸರಿನ ಅರ್ಥ ಕಡಲನೊರೆ. ವಸ್ತು ಮಾತ್ರ ಟರ್ಕಿಯ ಎಸ್ಕಿಶೆಹಿರ್ ಸುತ್ತಿನ ನೆಲದಿಂದ ಅಗೆದು ತೆಗೆಯುವ ಖನಿಜ. ನೆನೆಸಿದರೆ ಸಾಬೂನಿನಷ್ಟು ಮೆತ್ತಗಾಗಿ, ಕೂದಲೆಳೆಯಷ್ಟು ಸಣ್ಣ ಗೆರೆಯನ್ನೂ ಹಿಡಿಯುತ್ತದೆ. ಒಣಗಿಸಿ ಜೇನುಮೇಣದಲ್ಲಿ ಅದ್ದುತ್ತಾರೆ. ಸೇದುತ್ತ ಹೋದಂತೆ ಬುಡದಿಂದ ಮೇಲಕ್ಕೆ ಬೆಣ್ಣೆಬಣ್ಣ, ಜೇನುಬಣ್ಣ, ಕೊನೆಗೆ ಕಂದು ಏರುತ್ತದೆ. ಗಡ್ಡದ ಒಂದೊಂದು ಎಳೆ, ಕಣ್ಣಿನ ರೆಪ್ಪೆ, ಟೋಪಿಯ ಗರಿ ಇವೆಲ್ಲದರಲ್ಲಿ ಉಲ್ಮ್ ಇದರ ಹತ್ತಿರ ಬರಲಾರದು.

ಮೋಸ ಹೋಗುವುದೂ ಇಲ್ಲಿಯೇ ಹೆಚ್ಚು. ಕೆತ್ತುವಾಗ ಉದುರಿದ ಚೂರು-ಪುಡಿಯನ್ನು ಅಂಟಿನೊಡನೆ ಕಲಸಿ ಒತ್ತಿ ಮಾಡಿದ ನಕಲಿ ಮೀರ್‌ಷೌಮ್ ಕೂಡ ಹಳೆಯದೇ, ಅದೇ ಸೀಮೆಯದೇ. ಹತ್ತು ಪಟ್ಟು ಹಿಗ್ಗಿಸುವ ಲೂಪ್ ಹಿಡಿದು ಕಿವಿಯ ಹಿಂದೆ, ಗದ್ದದ ಕೆಳಗೆ ನೋಡಿ. ಅಖಂಡ ಕಲ್ಲಿನಲ್ಲಿ ಉಳಿಯ ಗುರುತು, ಅಲ್ಲಲ್ಲಿ ನರದಂಥ ಗೆರೆ, ಸಣ್ಣ ಕುಳಿ ಇರುತ್ತವೆ. ಒತ್ತಿದ್ದರಲ್ಲಿ ಮೈಯೆಲ್ಲ ಒಂದೇ ಹದ. ಅಚ್ಚಿನಿಂದ ತೆಗೆದದ್ದಾದರೆ ಎರಡು ಅಚ್ಚು ಕೂಡಿದ ಗೆರೆಯೂ ಸಿಗಬಹುದು. ಉಗುರಿನಿಂದ ಗೀರಿ ನೋಡಿ ಎನ್ನುವ ಸಲಹೆಯನ್ನು ನಂಬಬೇಡಿ. ಜಿಪ್ಸಮ್ಮೂ ಉಗುರಿಗೆ ಗೀರುತ್ತದೆ, ಹಾಳಾಗುವುದು ಪೈಪ್. ಚರ್ಮದ ಪೆಟ್ಟಿಗೆಯೊಳಗೆ ಚಿನ್ನದಕ್ಷರದಲ್ಲಿ ಇರುವ ಹೆಸರು ಎಷ್ಟೋ ಸಲ ಮಾರಿದ ಅಂಗಡಿಯದು, ಕೆತ್ತಿದವನದಲ್ಲ. ಹೀಗಾಗಿ 'ರೂಲಾ' ಎಂಬ ಮಾತಿಗೆ ಬೇರೆ ಆಧಾರವಿಲ್ಲದಿದ್ದರೆ 'ಜರ್ಮನ್ ಮೀರ್‌ಷೌಮ್' ಎಂದಷ್ಟೇ ಬರೆದಿಟ್ಟುಕೊಳ್ಳುವುದು ಪ್ರಾಮಾಣಿಕ.

ದಕ್ಷಿಣದ ಬೇಟೆ ಪೈಪ್‌ಗಳದ್ದು ಇನ್ನೊಂದು ಬಗೆ. ಜಿಂಕೆಯ ಕವಲುಗೊಂಬಿನ ಬುಡದ ಗಂಟಿನಲ್ಲಿ ಬಟ್ಟಲು, ಸುತ್ತ ಓಕ್ ಎಲೆ, ಓಡುವ ನಾಯಿ. ಕೊಂಬಿನ ಹೊರಪದರ ಮಾತ್ರ ಗಟ್ಟಿ, ತಿರುಳು ಸ್ಪಂಜಿನಂತೆ. ಒಳ್ಳೆಯ ಕೆತ್ತನೆಗಾರ ಆ ಪದರದೊಳಗೇ ಆಟ ಮುಗಿಸಿರುತ್ತಾನೆ. ತೀರಾ ಆಳಕ್ಕೆ ಇಳಿದ ಕಡೆ ತೂತುತೂತಾದ ತಿರುಳು ಕಾಣುತ್ತದೆ. 'ಬ್ಲ್ಯಾಕ್ ಫಾರೆಸ್ಟ್' (ಜರ್ಮನಿಯ ಒಂದು ಕಾಡು ಸೀಮೆ) ಎಂಬ ಚೀಟಿ ಅಂಟಿಸಿದ ಮರದ ಕರಡಿಗಳ ವಿಷಯದಲ್ಲಿ ಎಚ್ಚರ: ಆ ಹೆಸರಿನಲ್ಲಿ ಮಾರಾಟವಾಗುವ ಕರಡಿ ಕೆತ್ತನೆಯ ನಿಜವಾದ ತವರು ಸ್ವಿಟ್ಜರ್‌ಲೆಂಡಿನ ಬ್ರೀನ್ಸ್. ಕೆಲಸ ಚೆಂದವೇ, ಜರ್ಮನ್ ಸಾಲಿನಲ್ಲಿ ಇಡಲಾಗದು ಅಷ್ಟೆ.

ಸೇನೆಯಲ್ಲಿ ಅವಧಿ ಮುಗಿಸಿದವರು ನೆನಪಿಗೆ ಒಯ್ಯುತ್ತಿದ್ದ ಉದ್ದನೆಯ ಪಿಂಗಾಣಿ ಪೈಪ್ ಕೆತ್ತನೆಯದಲ್ಲ, ಬಣ್ಣದ್ದು. ಆದರೂ ಹೋಲಿಕೆಯಲ್ಲಿ ಬರಲೇಬೇಕು, ಏಕೆಂದರೆ ಹೊಸಬರು ಮೊದಲು ಕೊಳ್ಳುವುದು ಇದನ್ನೇ, ನಕಲೂ ಇದರಲ್ಲಿ ಬೇಕಾದಷ್ಟು. ಬಟ್ಟಲಿನ ಮೇಲೆ ದಳದ ಹೆಸರು, ಸೇವೆಯ ವರ್ಷ ಬರೆದಿರುತ್ತದೆ. 1893ರಿಂದ ಕಾಲಾಳುಗಳ ಸೇವೆ 2 ವರ್ಷಕ್ಕಿಳಿಯಿತು, ಕುದುರೆದಳದ್ದು 3 ವರ್ಷವೇ ಉಳಿಯಿತು. ಕಾಲಾಳು ದಳದ ಹೆಸರಿನ ಪಕ್ಕ 1904–1907 ಎಂದಿದ್ದರೆ ಅನುಮಾನಿಸಿ. ಹೆಸರು, ವರ್ಷ ಕೈಬರಹದಲ್ಲಿರಬೇಕು. ಲೂಪ್‌ನಲ್ಲಿ ಅವೂ ಸಾಲುಸಾಲು ಚುಕ್ಕೆಗಳಾಗಿ ಕಂಡರೆ ಅದು ಅಚ್ಚು.

ಸೇದಲು ಬೇಕೆನ್ನುವವರು ಈ ಹಳೆಯವನ್ನೆಲ್ಲ ಬಿಟ್ಟು ಬ್ರಯರ್ ಎಂಬ ಪೊದೆಯ ಬೇರಿನ ಪೈಪ್‌ಗೆ ಹೋಗಬೇಕು. 1848ರಲ್ಲಿ ಹುಟ್ಟಿದ ನ್ಯೂರೆಂಬರ್ಗ್‌ನ ವೌಎನ್ ಕಂಪನಿ ಈಗಲೂ ಮಾಡುತ್ತಿದೆ. ಜರ್ಮನಿಯಲ್ಲಿ 9 ಮಿ.ಮೀ. ಫಿಲ್ಟರ್ ರೂಢಿ. ಅದಕ್ಕೆ ಜಾಗ ಬೇಕಾದ್ದರಿಂದ ಕತ್ತು ದಪ್ಪ, ಆಕಾರ ಸ್ವಲ್ಪ ಭಾರ. ನೋಟದಲ್ಲಿ ಇವು ಉಲ್ಮ್‌ಗೆ ಸಾಟಿಯಲ್ಲ.

ಇಟ್ಟುಕೊಳ್ಳುವ ಕ್ರಮದಲ್ಲೂ ಉಲ್ಮ್‌ಗೂ ರೂಲಾಕ್ಕೂ ವ್ಯತ್ಯಾಸವಿದೆ. ಮರಕ್ಕೆ ಬೇಕಾದ್ದು ಏರಿಳಿತವಿಲ್ಲದ ತೇವ, ಸುಮಾರು ಶೇ. 45ರಿಂದ 55. ಮಂಗಳೂರಿನ ಮಳೆಗಾಲದಿಂದ ನೇರ ಎ.ಸಿ. ಕೋಣೆಗೆ ತಂದಿಟ್ಟರೆ ಬಿರುಕು ಬಿಡುವುದು ಅಲ್ಲಿಯೇ. ಮೀರ್‌ಷೌಮ್‌ಗೆ ಅಷ್ಟು ಭಯವಿಲ್ಲ, ಅದರ ಚರ್ಮದ ಪೆಟ್ಟಿಗೆಗೆ ಬೂಷ್ಟು ಹಿಡಿಯುತ್ತದೆ. ಮಳೆಗಾಲ ಮುಗಿಯುವವರೆಗೆ ಪೈಪನ್ನು ಹೊರಗೆ ತೆಗೆದು ಬಿಳಿ ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಬಾಯಿತುದಿ ಎಮ್ಮೆಕೊಂಬಿನದಾದರೆ ಹುಳು ತಿನ್ನುತ್ತದೆ. ಸಣ್ಣ ತೂತು, ಪುಡಿ ಕಂಡೊಡನೆ ಆ ತುಂಡನ್ನು ಮಾತ್ರ ಬಿಡಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಗಾಳಿಯಾಡದಂತೆ ಕಟ್ಟಿ, ಮನೆಯ ಫ್ರೀಜರಿನಲ್ಲಿ 2 ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಕವರು ಬಿಚ್ಚಬೇಡಿ, ನೀರು ಕೂರುತ್ತದೆ.

ತುಂಡುಗಳನ್ನು ಬಿಡಿಸುವಾಗ ಉಲ್ಮ್‌ನ ನಳಿಗೆಯನ್ನು ನೇರ ಎಳೆಯಬೇಕು, ತಿರುಚಬಾರದು. ಕೀಲಿನ ಕಾರ್ಕ್ ಪುಡಿಯಾಗಿದ್ದರೆ ಜೇನುಮೇಣ ಸವರಿದ ಹತ್ತಿ ದಾರವನ್ನು ಮೂರು-ನಾಲ್ಕು ಸುತ್ತು ಸುತ್ತಿ ಬಿಗಿ ನೋಡಿ. ಒಮ್ಮೆಗೇ ದಪ್ಪ ಸುತ್ತಿ ಒತ್ತಿದರೆ ಕತ್ತು ಸೀಳುತ್ತದೆ. ಮೀರ್‌ಷೌಮ್‌ನದು ಬಹುಪಾಲು ಮೂಳೆಯ ತಿರುಪು. ಎಡಕ್ಕೆ ತಿರುಗಿಸಿ ಬಿಚ್ಚಿ, ಬಲಕ್ಕೆ ತಿರುಗಿಸಿ ಹಾಕಿ, ಬಿಗಿಯಾದರೆ ನಿಲ್ಲಿಸಿ. ಪಟ್ಟಿಯೋ ತಿರುಪೋ ಆನೆದಂತದ್ದು ಎಂದು ಮಾರುವವರು ಹೇಳಿದರೆ ಭಾರತಕ್ಕೆ ತರಿಸಬೇಡಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ದಂತದ ವ್ಯಾಪಾರಕ್ಕೆ ಅವಕಾಶವಿಲ್ಲ. ಮೂಳೆಯಾದರೆ ಲೂಪ್‌ನಲ್ಲಿ ಸೂಜಿಮೊನೆಯಂಥ ಕಪ್ಪು ಚುಕ್ಕೆಗಳು ಕಾಣುತ್ತವೆ, ದಂತವಾದರೆ ಅಡ್ಡ ಕೊಯ್ದ ತುದಿಯಲ್ಲಿ ಒಂದನ್ನೊಂದು ಹಾಯುವ ಗೆರೆಗಳು.