ಕಾಗೆ ತೆರೆಯಲಾಗದ ಕಸದ ಬಕೆಟ್: ಎಂಟು ತಿಂಗಳ ಬಳಕೆಯ ನಂತರ

ಶಿವಮೊಗ್ಗದ ವಿನೋಬನಗರದ ನಮ್ಮ ಮನೆಯ ಗೇಟಿನ ಬಳಿ ಇಡುತ್ತಿದ್ದ ಹಸಿ ಕಸವನ್ನು, ಕಸದ ಗಾಡಿ ಬರುವ ಮೊದಲೇ ಕಾಗೆಗಳು ಎಳೆದು ರಸ್ತೆಯ ತುಂಬ ಹರಡುತ್ತಿದ್ದವು. ಅದಕ್ಕಾಗಿ ಕಳೆದ ಜೂನ್‌ನಲ್ಲಿ ಗಾಂಧಿ ಬಜಾರಿನ ಅಂಗಡಿಯೊಂದರಿಂದ 640 ರೂಪಾಯಿ ಕೊಟ್ಟು 20 ಲೀಟರಿನ, ಹಿಡಿಕೆಯಿಂದಲೇ ಮುಚ್ಚಳ ಬಿಗಿಯಾಗುವ ಬಕೆಟ್ ಒಂದನ್ನು ತಂದೆ. ಹಿಡಿಕೆಯನ್ನು ಹಿಂದಕ್ಕೆ ಒರಗಿಸಿದರೆ ಮುಚ್ಚಳ ತೆರೆಯುತ್ತದೆ. ಮುಂದಕ್ಕೆ ಬಗ್ಗಿಸಿದರೆ ಹಿಡಿಕೆಯ ಎರಡು ಬುಡಗಳೂ ಮುಚ್ಚಳದ ಅಂಚನ್ನು ಒತ್ತಿ ಹಿಡಿಯುತ್ತವೆ.

ಹಿಂದೆ ಹಟ್ಟಿಯಲ್ಲಿ ದನವಿದ್ದಾಗ ಅನ್ನ, ಸಿಪ್ಪೆ, ತರಕಾರಿ ತೊಳೆದ ನೀರು ಎಲ್ಲವೂ ಅಕ್ಕಚ್ಚಿಗೆ ಹೋಗುತ್ತಿದ್ದವು, ಮುಸುರೆ ಬೀದಿಗೆ ಬರುತ್ತಲೇ ಇರಲಿಲ್ಲ. ಈಗ ಅದೆಲ್ಲ ಗೇಟಿನ ಹೊರಗೆ ಗಾಡಿಗಾಗಿ ಕಾಯುತ್ತದೆ. ಈ ಬಕೆಟ್ ತರುವ ಮುನ್ನ ನಾವು ಹಳೆಯ ಸಿ.ಡಿ.ಗಳನ್ನು ದಾರಕ್ಕೆ ಕಟ್ಟಿ ತೂಗುಹಾಕಿದೆವು, ಗದ್ದೆಯ ಬೆರ್ಚಪ್ಪನಂತೆ ಹಳೆಯ ಅಂಗಿಯನ್ನು ಕೋಲಿಗೆ ತೊಡಿಸಿ ನಿಲ್ಲಿಸಿದೆವು. ಮೂರ್ನಾಲ್ಕು ದಿನ ದೂರವಿದ್ದ ಕಾಗೆಗಳು ಐದನೆಯ ದಿನ ಆ ಅಂಗಿಯ ಹೆಗಲ ಮೇಲೆಯೇ ಕುಳಿತಿದ್ದವು.

ಇಂಗ್ಲೆಂಡಿನ ಕಡಲ ತೀರದ ಊರುಗಳಲ್ಲಿ ಇದೇ ಕಷ್ಟವನ್ನು ಹೆರಿಂಗ್ ಗಲ್ ಎಂಬ ಕಡಲಹಕ್ಕಿಗಳು ಕೊಡುತ್ತವೆ. ಎಕ್ಸೆಟರ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಲೂಗೆಡ್ಡೆಯ ಫ್ರೆಂಚ್ ಫ್ರೈಸ್ ತುಂಬಿದ ಚೀಲವನ್ನು ನೆಲದ ಮೇಲಿಟ್ಟು, ಮನುಷ್ಯರು ದಿಟ್ಟಿಸಿ ನೋಡಿದಾಗ ಈ ಹಕ್ಕಿಗಳು ಹೇಗೆ ವರ್ತಿಸುತ್ತವೆ ಎಂದು ಪರೀಕ್ಷಿಸಿದರು. ನೋಡುವವರ ಕಣ್ಣು ತಮ್ಮ ಮೇಲಿದ್ದಾಗ ಅವು ಆಹಾರದ ಹತ್ತಿರ ಬರಲು ಸರಾಸರಿ 21 ಸೆಕೆಂಡ್ ಹೆಚ್ಚು ತೆಗೆದುಕೊಂಡವು. 74 ಹಕ್ಕಿಗಳ ಮೇಲೆ ಪ್ರಯತ್ನಿಸಿದರೂ ಹತ್ತಿರ ಬಂದವು 27 ಮಾತ್ರ. ತಿಂಡಿ ಕೈಯಲ್ಲಿರುವಾಗ ಈ ತಿಳಿವಳಿಕೆ ಬಹಳ ಉಪಯುಕ್ತ. ಆದರೆ ಬೆಳಗಿನ ಆರು ಗಂಟೆಗೆ ಗೇಟಿನ ಬಳಿ ನಿಂತು ಕಾಗೆಯನ್ನು ದಿಟ್ಟಿಸಲು ಯಾರಿಗೂ ಆಗುವುದಿಲ್ಲವಾದ್ದರಿಂದ, ಮನೆಯ ಕಸದ ವಿಷಯದಲ್ಲಿ ಹಕ್ಕಿಯನ್ನು ಹೆದರಿಸುವುದಕ್ಕಿಂತ ಅದಕ್ಕೆ ಆಹಾರ ಕಾಣದಂತೆ, ಸಿಗದಂತೆ ಮಾಡುವುದೇ ಸರಿಯಾದ ದಾರಿ ಎಂಬುದು ನನ್ನ ಅಭಿಪ್ರಾಯ. ಅಲ್ಲಿನ ಹಲವು ಊರುಗಳಲ್ಲಿ ಮನೆಮನೆಗೆ ಕೊಕ್ಕಿಗೆ ಹರಿಯದ ದಪ್ಪ ಚೀಲಗಳನ್ನು ಕೊಡುವುದೂ ಇದೇ ಕಾರಣಕ್ಕೆ.

ಮೊದಲ ವಾರ ಕಿಟಕಿಯಿಂದ ಗಮನಿಸಿದೆ. ಬೂದು ಕತ್ತಿನ ಕಾಗೆಯೊಂದು ಮುಚ್ಚಳದ ಮೇಲೆ ಇಳಿದು, ತಲೆ ಓರೆ ಮಾಡಿ, ಅಂಚಿನ ಸಂದಿಗೆ ಕೊಕ್ಕು ತುರುಕಿ ಎರಡು ಮೂರು ಬಾರಿ ಮೀಟಿತು. ಆಮೇಲೆ ಹಿಡಿಕೆಯ ಮೇಲೆ ಹಾರಿ ಕುಳಿತಿತು. ಅದರ ಭಾರಕ್ಕೆ ಹಿಡಿಕೆ ಇನ್ನಷ್ಟು ಬಿಗಿಯಿತೇ ಹೊರತು ಸಡಿಲಾಗಲಿಲ್ಲ. ಬಂಗುಡೆ ಮೀನು ಶುಚಿ ಮಾಡಿದ ಭಾನುವಾರವೂ ಅದು ತೆರೆಯಲಿಲ್ಲ. ಹತ್ತು ಹನ್ನೆರಡು ದಿನಗಳಾಗುವಷ್ಟರಲ್ಲಿ ಕಾಗೆಗಳು ನಮ್ಮ ಗೇಟಿನತ್ತ ಬರುವುದನ್ನೇ ಬಿಟ್ಟವು. ಜುಲೈನ ಮಳೆಯಲ್ಲಿಯೂ ಒಳಗೆ ನೀರು ಇಳಿಯಲಿಲ್ಲ.

ಆದರೆ ಮಲೆನಾಡಿನ ಎಲ್ಲ ಮನೆಗೂ ಇದು ಹಾಗೆಯೇ ಸಾಲದು. ತೀರ್ಥಹಳ್ಳಿಯ ಸಮೀಪದ ಅಕ್ಕನ ಮನೆಗೆ ಇಂಥದ್ದೇ ಒಂದನ್ನು ಕೊಟ್ಟಿದ್ದೆ; ಅಲ್ಲಿಯ ಮಂಗಗಳು ಎರಡನೆಯ ದಿನವೇ ಹಿಡಿಕೆಯನ್ನು ಹಿಂದಕ್ಕೆ ತಳ್ಳುವುದನ್ನು ಕಲಿತು ಹಲಸಿನ ಸಿಪ್ಪೆಯನ್ನು ಅಂಗಳದ ತುಂಬ ಚೆಲ್ಲಿದವು. ಅಕ್ಕ ಹಳೆಯ ಸೈಕಲ್ ಟ್ಯೂಬನ್ನು ಬಕೆಟ್ಟಿನ ತಳದಿಂದ ಹಿಡಿಕೆಯ ಮೇಲೆ ಎಳೆದು ಬಿಗಿದ ಮೇಲೆ ಅವು ಬಕೆಟ್ಟನ್ನು ಉರುಳಿಸಿದರೂ ತೆರೆಯಲಾರದೆ ಬಿಟ್ಟುಹೋದವು. ಮಂಗಗಳ ಕಾಟವಿರುವವರು ಈ ಉಪಾಯವನ್ನು ಮೊದಲ ದಿನದಿಂದಲೇ ಮಾಡುವುದು ಒಳ್ಳೆಯದು.

ಇನ್ನೊಂದು ಕೊರತೆ ಹಿಡಿಕೆಯದ್ದೇ. ಆರನೆಯ ತಿಂಗಳಿಗೆ ಅದರ ಒಂದು ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಕಾಣಿಸಿತು. ಬಿಡಿ ಹಿಡಿಕೆ ಮಾರಾಟಕ್ಕಿಲ್ಲ ಎಂದು ಅಂಗಡಿಯವರು ಹೇಳಿದ್ದು ನನಗೆ ಬೇಸರ ತಂದಿತು, ಏಕೆಂದರೆ ಬಕೆಟ್ಟಿನ ಉಪಯೋಗವೆಲ್ಲ ಆ ಒಂದು ಭಾಗದ ಮೇಲೆಯೇ ನಿಂತಿದೆ. ಆದ್ದರಿಂದ ಕೊಳ್ಳುವವರು ಬಣ್ಣ ನೋಡುವ ಮೊದಲು ಹಿಡಿಕೆಯ ಬುಡ ದಪ್ಪವಾಗಿದೆಯೇ ಎಂದು ಬೆರಳಿನಿಂದ ಒತ್ತಿ ನೋಡಬೇಕು. ಒಳಗೆ ಎರಡು ಕಿಲೋ ತೂಕದ ಏನನ್ನಾದರೂ ಇಟ್ಟು, ಹಿಡಿಕೆ ಬಿಗಿದು, ಅಂಗಡಿಯಲ್ಲಿಯೇ ಒಮ್ಮೆ ತಲೆಕೆಳಗು ಮಾಡಿ ಅಲುಗಿಸಿ ನೋಡಬೇಕು.