ಲೇಟೆಕ್ಸ್ ಗ್ಲೌಸಿನ ಅಂಟು ಬಿಡಿಸಲು ಕ್ಲೋರಿನ್ನೋ, ಪಾಲಿಮರ್ ಲೇಪನವೋ?

ತುಮಕೂರಿನ ವಸಂತನರಸಾಪುರದಲ್ಲಿ ಸಣ್ಣ ಗ್ಲೌಸ್ ಘಟಕ ಹಾಕುವ ಯೋಚನೆ ಇದ್ದರೆ ಇದನ್ನು ಮೊದಲೇ ತೀರ್ಮಾನಿಸಿ. ಲೇಟೆಕ್ಸ್ ಅಂದರೆ ರಬ್ಬರ್ ಮರದ ಹಾಲು. ಅದರಿಂದಾದ ನೈಸರ್ಗಿಕ ರಬ್ಬರ್ ಪದರ ತನಗೆ ತಾನೇ ಅಂಟಿಕೊಳ್ಳುತ್ತದೆ. ಹಾಗೇ ಬಿಟ್ಟರೆ ಗ್ಲೌಸ್ ಹಾಕಿಕೊಳ್ಳುವುದೇ ಕಷ್ಟ.

ಮೆಕ್ಕೆಜೋಳದ ಪಿಷ್ಟದ ಪುಡಿ ಅಗ್ಗ, ಆದರೆ ಬೇಡ. ಅದು ಲೇಟೆಕ್ಸಿನ ಪ್ರೋಟೀನನ್ನು ಹೊತ್ತು ಗಾಳಿಯಲ್ಲಿ ಹಾರುತ್ತದೆ, ಅಲರ್ಜಿ ತರುತ್ತದೆ. ಅಮೆರಿಕ 2017ರಲ್ಲೇ ಪುಡಿ ಹಾಕಿದ ವೈದ್ಯಕೀಯ ಗ್ಲೌಸ್ ನಿಷೇಧಿಸಿತು.

ಕ್ಲೋರಿನ್ ನೀರು ರಬ್ಬರಿನ ಮೇಲ್ಮೈಯನ್ನೇ ಗಟ್ಟಿ ಮಾಡುತ್ತದೆ. ತೊಳೆಯುವಾಗ ಪ್ರೋಟೀನೂ ಕಡಿಮೆಯಾಗುತ್ತದೆ, ಇದು ದೊಡ್ಡ ಲಾಭ. ಪ್ರಮಾಣ ಜಾಸ್ತಿಯಾದರೆ ಗ್ಲೌಸ್ ಹಳದಿಯಾಗಿ ಬೇಗ ಬಿರುಕು ಬಿಡುತ್ತದೆ. ಕ್ಲೋರಿನ್ ಗಾಳಿ ಹೊರಹಾಕಲು ಒಳ್ಳೆಯ ವ್ಯವಸ್ಥೆ ಬೇಕೇ ಬೇಕು, ಕೆಲಸದವರ ಉಸಿರಿನ ವಿಷಯ ಇದು. ಮತ್ತೆ ಮತ್ತೆ ಜಾಲಿಸಲು ನೀರೂ ಬೇಕು. ನಮ್ಮ ಕಡೆ ಬೋರ್‌ವೆಲ್ ನಂಬಿಕೊಂಡು ಇದಕ್ಕೆ ಕೈಹಾಕುವುದು ಕಷ್ಟ ಅಲ್ವಾ?

ಪಾಲಿಮರ್ ಲೇಪನಕ್ಕೆ, ಗ್ಲೌಸ್ ಅಚ್ಚಿನ ಮೇಲಿರುವಾಗಲೇ ಪಾಲಿಯುರೆಥೇನ್ ಅಥವಾ ಅಕ್ರಿಲಿಕ್ ದ್ರವದಲ್ಲಿ ಅದ್ದುತ್ತಾರೆ. ಕಳಚುವಾಗ ಗ್ಲೌಸ್ ಮಗುಚಿಕೊಳ್ಳುತ್ತದೆ, ಲೇಪನದ ಮೈ ಒಳಮೈ ಆಗುತ್ತದೆ. ಮಾಲು ದುಬಾರಿ. ರಬ್ಬರಿನಷ್ಟು ಹಿಗ್ಗದ ಲೇಪನ ಚೂರುಚೂರಾಗಿ ಉದುರುತ್ತದೆ, ಹಾಗಾಗಿ ಮಾದರಿಯನ್ನು ಚೆನ್ನಾಗಿ ಎಳೆದು ನೋಡಿ. ನೀರಿನ ಲೆಕ್ಕದಲ್ಲಿ ನಾನು ಇದನ್ನೇ ಆರಿಸುತ್ತೇನೆ. ಆದರೆ ಲೇಪನ ಪ್ರೋಟೀನ್ ತೆಗೆಯುವುದಿಲ್ಲ. ಅದಕ್ಕೂ ಮೊದಲಿನ ಬಿಸಿನೀರಿನ ತೊಳೆತ ಬಿಡಬೇಡಿ.

ಸಿಲಿಕೋನ್ ಲೇಪನ ಸುಲಭ, ಆದರೆ ಮುಟ್ಟಿದ್ದಕ್ಕೆಲ್ಲ ಹತ್ತುತ್ತದೆ, ಹತ್ತಿದ ಕಡೆ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ಬಣ್ಣ ಬಳಿಯುವವರಿಗೆ ಮಾರುವುದಾದರೆ ಬೇಡವೇ ಬೇಡ.